ಕ್ಲಚ್ ಬದಲಿಸಲು ಎಂಜಿನ್ ಇಳಿಸಬೇಕಾದ ಕಾರು

ಬ್ರಿಟನ್ನಿನ ಜಾಗ್ವಾರ್ ಕಂಪನಿಯ ಇ-ಟೈಪ್ ಕಾರಿನ ಕ್ಲಚ್ ಪ್ಲೇಟ್ ಸವೆದರೆ ಗೇರ್‌ಬಾಕ್ಸ್ ಒಂದನ್ನೇ ಇಳಿಸಿ ಕೆಲಸ ಮುಗಿಸುವಂತಿಲ್ಲ. ಮೊದಲು ಆ ಉದ್ದನೆಯ ಬಾನೆಟ್ ಕಳಚಬೇಕು, ಆಮೇಲೆ ರೇಡಿಯೇಟರ್, ಆಮೇಲೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೇ ಹೊರತೆಗೆಯಬೇಕು. ಹಿಂದಿನ ಬ್ರೇಕಿನದೂ ಅದೇ ಕಥೆ. ಡಿಸ್ಕ್‌ಗಳು ಚಕ್ರದ ಬಳಿ ಇಲ್ಲ, ಮಧ್ಯದಲ್ಲಿ ಡಿಫರೆನ್ಷಿಯಲ್‌ಗೆ ಒತ್ತಿಕೊಂಡಿವೆ. ಅವನ್ನು ಬದಲಿಸಬೇಕೆಂದರೆ ಹಿಂದಿನ ಸಸ್ಪೆನ್ಷನ್ ಪೂರ್ತಿ ತನ್ನ ಚೌಕಟ್ಟಿನ ಸಮೇತ ಕೆಳಗಿಳಿಯಬೇಕು. ಹೊಸ ಕಾರು ಕೊಂಡ ಶ್ರೀಮಂತರಿಗೆ ಇದು ದೊಡ್ಡ ಚಿಂತೆಯಾಗಿರಲಿಲ್ಲ. ಹತ್ತು ಹನ್ನೆರಡು ವರ್ಷ ಕಳೆದು, ರಿಪೇರಿಯ ಕೂಲಿ ಕಾರಿನ ಬೆಲೆಯನ್ನೇ ಮೀರತೊಡಗಿದಾಗ, ಸಾವಿರಾರು ಇ-ಟೈಪ್‌ಗಳ ಹಣೆಬರಹವನ್ನು ಬರೆದದ್ದು ಈ ವಿನ್ಯಾಸವೇ. ಕೆಲವು ಗುಜರಿಗೆ ಹೋದವು. ಇನ್ನು ಕೆಲವು ಇಂಗ್ಲೆಂಡಿನ ಸಾಧಾರಣ ಮನೆಗಳ ಮಗ್ಗುಲಿನ, ಒಂದೇ ಕಾರು ಹಿಡಿಯುವ ಗ್ಯಾರೇಜುಗಳಿಗೆ ಬಂದು ಸೇರಿದವು. ಇ-ಟೈಪ್ ಇವತ್ತಿಗೂ ರಸ್ತೆಯ ಮೇಲಿದೆ ಎಂದರೆ ಅದರ ಶ್ರೇಯಸ್ಸು ಕಾರ್ಖಾನೆಗಿಂತ ಹೆಚ್ಚಾಗಿ ಆ ಗ್ಯಾರೇಜುಗಳಿಗೆ ಸಲ್ಲಬೇಕು.

1961ರ ಮಾರ್ಚ್‌ನಲ್ಲಿ ಜಿನೀವಾದ ಮೋಟಾರ್ ಪ್ರದರ್ಶನದಲ್ಲಿ ಈ ಕಾರು ಮೊದಲ ಬಾರಿ ಜನರ ಮುಂದೆ ಬಂತು. ಪರೀಕ್ಷಾರ್ಥ ಓಡಿಸಿ ನೋಡಲು ಎಷ್ಟು ಜನ ಮುಗಿಬಿದ್ದರೆಂದರೆ, ಒಂದು ಕಾರು ಸಾಲದೆ ಇನ್ನೊಂದನ್ನು ತರಿಸಬೇಕಾಯಿತು. ಕಂಪನಿಯ ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ಅದನ್ನು ಕಾರ್ಖಾನೆಯಿದ್ದ ಕೊವೆಂಟ್ರಿಯಿಂದ ರಾತ್ರಿಯಿಡೀ ಓಡಿಸಿಕೊಂಡು ಬೆಳಿಗ್ಗೆ ಜಿನೀವಾ ತಲುಪಿದರು. ಕಾರಿನ ರೂಪ ತೀಡಿದವರು ಮಾಲ್ಕಮ್ ಸೇಯರ್. ವಿಮಾನ ಕಾರ್ಖಾನೆಯಲ್ಲಿ ಪಳಗಿದ ಅವರು ಕಣ್ಣಳತೆಯನ್ನು ನಂಬದೆ, ಗಾಳಿ ಹರಿಯುವ ರೀತಿಯನ್ನು ಲೆಕ್ಕ ಹಾಕಿ ವಕ್ರರೇಖೆಗಳನ್ನು ಎಳೆದವರು. ಒಳಗಿದ್ದದ್ದು ಆರು ಸಿಲಿಂಡರಿನ 3.8 ಲೀಟರ್ ಎಕ್ಸ್‌ಕೆ ಎಂಜಿನ್, ಮೂರು ಎಸ್‌ಯು ಕಾರ್ಬುರೇಟರ್, ಕಂಪನಿ ಹೇಳಿಕೊಂಡ 265 ಅಶ್ವಶಕ್ತಿ. ‘ಆಟೋಕಾರ್’ ಪತ್ರಿಕೆಯವರು ಓಡಿಸಿದ ಕಾರು ಗಂಟೆಗೆ 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರ್ ದಾಟಿತು. ಬೆಲೆ 2,100 ಪೌಂಡ್ ಆಸುಪಾಸು. ಅದೇ ವೇಗದ ಬೆನ್ನು ಹತ್ತಿದ್ದ ಆ್ಯಸ್ಟನ್ ಮಾರ್ಟಿನ್ ಕಾರಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ತೆರಬೇಕಿತ್ತು.

ಅಗ್ಗದ ಬೆಲೆಗೆ ಇಷ್ಟೆಲ್ಲ ಕೊಟ್ಟ ಕಂಪನಿ ತುಕ್ಕಿನ ಕಡೆ ಗಮನ ಕೊಡಲಿಲ್ಲ. ಜಾಗ್ವಾರ್‌ನ ಡಿ-ಟೈಪ್ ರೇಸ್ ಕಾರು 1955ರಿಂದ 1957ರವರೆಗೆ ಸತತ ಮೂರು ವರ್ಷ ಲ ಮಾನ್ಸ್ ರೇಸ್ ಗೆದ್ದಿತ್ತು. ಅದರ ಮಾದರಿಯಲ್ಲೇ ಇ-ಟೈಪ್‌ನ ನಡುಭಾಗವನ್ನು ತೆಳು ಉಕ್ಕಿನ ತಗಡುಗಳನ್ನು ಪೆಟ್ಟಿಗೆಗಳಂತೆ ಬೆಸೆದು ಕಟ್ಟಿದ್ದರು. ಎಂಜಿನ್ ಕೂರುವುದು ಮುಂದೆ ಬೋಲ್ಟ್ ಹಾಕಿ ಬಿಗಿದ ಚೌಕ ಕೊಳವೆಗಳ ಚೌಕಟ್ಟಿನ ಮೇಲೆ. ಈ ಟೊಳ್ಳು ಪೆಟ್ಟಿಗೆಗಳ ಒಳಗೆ ನೀರು ನಿಲ್ಲುತ್ತಿತ್ತು. ಚಳಿಗಾಲದಲ್ಲಿ ಹಿಮ ಕರಗಿಸಲು ಬ್ರಿಟನ್ನಿನ ರಸ್ತೆಗಳಿಗೆ ಚೆಲ್ಲುವ ಉಪ್ಪು ಆ ನೀರಿಗೆ ಸೇರಿದರೆ ಕೇಳಬೇಕೆ! ಬಾಗಿಲ ಕೆಳಗಿನ ಸಿಲ್, ನೆಲದ ತಗಡು, ಹಿಂದಿನ ಚಕ್ರದ ಮೇಲುಭಾಗ ಒಂದೊಂದಾಗಿ ಒಳಗಿನಿಂದಲೇ ಕೊರೆದುಹೋದವು. ಹೊರಗಿನ ಬಣ್ಣ ಮಿರಮಿರ ಮಿಂಚುತ್ತಿದ್ದ ಕಾರಿಗೆ ಜ್ಯಾಕ್ ಕೊಟ್ಟರೆ ಜ್ಯಾಕ್ ತಗಡನ್ನು ತೂರಿಕೊಂಡು ಮೇಲೆ ಬರುತ್ತಿತ್ತು.

ಬ್ರಿಟನ್ 1960ರಲ್ಲಿ ಹಳೆಯ ವಾಹನಗಳಿಗೆ ಎಂಓಟಿ ಎಂಬ ವಾರ್ಷಿಕ ತಪಾಸಣೆ ಜಾರಿಗೆ ತಂದಿತು. ಮೊದಲು ಹತ್ತು ವರ್ಷ ದಾಟಿದವಕ್ಕಷ್ಟೇ ಇದ್ದ ನಿಯಮ 1967ರ ಹೊತ್ತಿಗೆ ಮೂರು ವರ್ಷ ದಾಟಿದ ಎಲ್ಲ ಕಾರುಗಳಿಗೂ ಬಂತು. ಮುಂದೆ ಭಾರ ಹೊರುವ ಭಾಗದಲ್ಲಿ ಗಂಭೀರ ತುಕ್ಕು ಕಂಡರೂ ಕಾರು ರಸ್ತೆಗೆ ಇಳಿಯುವಂತಿರಲಿಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಕುಡಿಯುವ ದೊಡ್ಡ ಎಂಜಿನ್ ಕಾರುಗಳ ಬೆಲೆ ಕುಸಿಯಿತು. ಮರುವರ್ಷ ಇ-ಟೈಪ್‌ನ ಉತ್ಪಾದನೆಯೇ ನಿಂತಿತು. ಅಷ್ಟರಲ್ಲಿ 72,000ಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ತುಕ್ಕು ಹಿಡಿದ ಇ-ಟೈಪ್ ಆ ದಿನಗಳಲ್ಲಿ ಕೆಲವೇ ನೂರು ಪೌಂಡಿಗೆ ಸಿಗುತ್ತಿತ್ತು. ಮೇಷ್ಟ್ರುಗಳು, ಫಿಟ್ಟರ್‌ಗಳು, ಗುಮಾಸ್ತರು, ಯುವ ಎಂಜಿನಿಯರುಗಳು ಕೈಹಾಕಬಹುದಾದ ಬೆಲೆ ಅದು.

ಕೈಹಾಕುವ ಧೈರ್ಯ ಅವರಿಗೆ ಎಲ್ಲಿಂದ ಬಂತು? ಅದರ ಬೇರು ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನಲ್ಲಿದೆ. 1922ರಿಂದ 1939ರವರೆಗೆ ತಯಾರಾದ ಆ ಕಾರು ಎರಡನೇ ಮಹಾಯುದ್ಧದ ನಂತರ ಪುಡಿಗಾಸಿಗೆ ಸಿಗುತ್ತಿತ್ತು. ಹುಡುಗರು ಅದರ ಬಾಡಿ ಕಿತ್ತು ಬಿಸಾಕಿ, ತಮ್ಮದೇ ಹಗುರ ಬಾಡಿ ಕೂರಿಸಿ, ‘ಸ್ಪೆಷಲ್’ ಎಂದು ಕರೆದು ರೇಸಿಗೆ ಇಳಿಸಿದರು. ಕಾಲಿನ್ ಚಾಪ್‌ಮನ್ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಹೀಗೆ ಕಟ್ಟಿದ್ದು ಉತ್ತರ ಲಂಡನ್ನಿನಲ್ಲಿ, ತನ್ನ ಗೆಳತಿ ಹೇಜಲ್ ವಿಲಿಯಮ್ಸ್‌ಳ ಅಪ್ಪ ಅಮ್ಮನ ಮನೆಯ ಹಿಂದಿನ ಗ್ಯಾರೇಜಿನಲ್ಲಿ. ಅವರ ಲೋಟಸ್ ಕಾರುಗಳ ಕಥೆ ಶುರುವಾದದ್ದು ಅಲ್ಲಿಯೇ. ಹೊಸ ಕಾರಿನ ಮೇಲೆ ಸರ್ಕಾರ ಭಾರಿ ಖರೀದಿ ತೆರಿಗೆ ಹಾಕಿದ್ದರೂ ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆ ತೆರಿಗೆ ಇರಲಿಲ್ಲ. 1973ರಲ್ಲಿ ವ್ಯಾಟ್ ಬರುವವರೆಗೂ ಇದೇ ಪದ್ಧತಿ. ತೆರಿಗೆ ಉಳಿಸಲು ಹೋಗಿ ಬ್ರಿಟನ್ನಿನ ಒಂದು ಪೀಳಿಗೆ ಕಾರು ಕಟ್ಟುವುದನ್ನೇ ಕಲಿತುಬಿಟ್ಟಿತು.

ಆ ಪೀಳಿಗೆಯ ಹುಡುಗರಲ್ಲಿ ಜಾನ್ ಹೇನ್ಸ್ ಒಬ್ಬರು. ಸಿಲೋನಿನ ಚಹಾ ತೋಟದಲ್ಲಿ 1938ರಲ್ಲಿ ಹುಟ್ಟಿ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಯಲ್ಲಿ ಓದುತ್ತಿದ್ದಾಗ ಅವರೂ ಆಸ್ಟಿನ್ ಸೆವೆನ್ ಸ್ಪೆಷಲ್ ಕಟ್ಟಿದರು. ಕಟ್ಟಿದ ಬಗೆಯನ್ನು ಬರೆದು 1956ರಲ್ಲಿ ಸಣ್ಣ ಪುಸ್ತಿಕೆ ತಂದರು. ಅಚ್ಚು ಹಾಕಿಸಿದ 250 ಪ್ರತಿಗಳು ಹತ್ತೇ ದಿನದಲ್ಲಿ ಖರ್ಚಾದವು. ಮುಂದೆ ವಾಯುಪಡೆ ಸೇರಿ ಏಡನ್‌ನಲ್ಲಿದ್ದಾಗ, ಸಹೋದ್ಯೋಗಿಯೊಬ್ಬರ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ಬಿಚ್ಚಿ ಜೋಡಿಸಲು ನೆರವಾದರು. ಕಂಪನಿಯ ಕೈಪಿಡಿ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಅದು ವಿಶೇಷ ಉಪಕರಣಗಳಿರುವ ಡೀಲರ್ ವರ್ಕ್‌ಶಾಪಿಗೆ ಬರೆದದ್ದು, ಮನೆಯಲ್ಲಿ ಕೆಲಸ ಮಾಡುವವನಿಗಲ್ಲ. ಹೇನ್ಸ್ ಕ್ಯಾಮೆರಾ ಹಿಡಿದು ಬಿಚ್ಚುವಿಕೆಯ ಪ್ರತಿ ಹಂತವನ್ನೂ ಚಿತ್ರ ತೆಗೆದರು. 1966ರಲ್ಲಿ ಹೊರಬಂದ ಆ ಸ್ಪ್ರೈಟ್ ಕೈಪಿಡಿಯ ಮೊದಲ ಮುದ್ರಣದ 3,000 ಪ್ರತಿಗಳು ಮೂರು ತಿಂಗಳೊಳಗೆ ಮಾರಾಟವಾದವು. ಆಮೇಲೆ ಬಂದ ನೂರಾರು ಹೇನ್ಸ್ ಕೈಪಿಡಿಗಳಲ್ಲಿ ಇ-ಟೈಪ್‌ನದೂ ಒಂದು. ಕಾರಿನ ಇತಿಹಾಸ ಬರೆಯುವವರು ವಿನ್ಯಾಸಕಾರರನ್ನೂ ರೇಸ್ ಚಾಲಕರನ್ನೂ ಹೊಗಳುತ್ತಾರೆ. ಹೇನ್ಸ್‌ಗೆ ಅವರ ಸಾಲಿನಲ್ಲೇ ಜಾಗ ಸಿಗಬೇಕು. ವರ್ಕ್‌ಶಾಪಿನೊಳಗೆ ಬೀಗ ಹಾಕಿಕೊಂಡಿದ್ದ ವಿದ್ಯೆಯನ್ನು ಎಣ್ಣೆಯ ಕೈಯಲ್ಲಿ ಪುಟ ತಿರುವುವ ಸಾಮಾನ್ಯನಿಗೆ ತಲುಪಿಸಿದವರು ಅವರು.

ಓದಿದ ಮಾತ್ರಕ್ಕೆ ಕೆಲಸ ಸುಲಭವಾಗುತ್ತಿರಲಿಲ್ಲ. ಇ-ಟೈಪ್‌ಗೆ ಬೇರೆ ಷಾಸಿ ಇಲ್ಲ, ಸಿಲ್‌ಗಳೇ ಅದರ ಬೆನ್ನೆಲುಬು. ತುಕ್ಕು ತಿಂದ ಎರಡೂ ಸಿಲ್‌ಗಳನ್ನು ಒಟ್ಟಿಗೆ ಕತ್ತರಿಸಿದರೆ ಬಾಡಿ ಮಧ್ಯದಲ್ಲಿ ಜಗ್ಗುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ಬಾಗಿಲು ತಂದರೂ ಕೂರುವುದಿಲ್ಲ. ಆದ್ದರಿಂದ ಕತ್ತರಿಸುವ ಮೊದಲೇ ಬಾಗಿಲ ಜಾಗಕ್ಕೆ ಅಡ್ಡಲಾಗಿ ಉಕ್ಕಿನ ಸರಳು ಬೆಸೆದು, ಅಳತೆಗಳನ್ನು ಬರೆದಿಟ್ಟುಕೊಂಡು, ಒಂದು ಕಡೆ ಮುಗಿದ ಮೇಲೆ ಇನ್ನೊಂದು ಕಡೆಗೆ ಹೋಗಬೇಕು. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತಿತ್ತು. ಮನೆ ಬಳಕೆಯ ಸಣ್ಣ ಮಿಗ್ ವೆಲ್ಡರ್‌ಗಳು ಕೈಗೆಟುಕುವ ಬೆಲೆಗೆ ಬಂದ ಮೇಲೆ ಹವ್ಯಾಸಿಗಳ ಕೈಗೆ ಬಲ ಬಂತು. ಮುಂದಿನ ಕೊಳವೆ ಚೌಕಟ್ಟಿನ ಮಾತು ಬೇರೆ. ವಿಶೇಷ ಮಿಶ್ರಲೋಹದ ಆ ತೆಳು ಕೊಳವೆಗಳೂ ಒಳಗಿನಿಂದಲೇ ತುಕ್ಕು ಹಿಡಿಯುತ್ತವೆ. ಬಲ್ಲವರು ಅವಕ್ಕೆ ತೇಪೆ ಹಾಕದೆ ಹೊಸದನ್ನೇ ಹಾಕುತ್ತಾರೆ.

ಬಾನೆಟ್ ಇನ್ನೊಂದು ಸವಾಲು. ಮಧ್ಯದ ತುಂಡು, ಎರಡು ಮಗ್ಗುಲು, ಕೆಳಗಿನ ಮೂತಿ ಇವನ್ನೆಲ್ಲ ಬೋಲ್ಟಿನಲ್ಲಿ ಬಿಗಿದು ಅದನ್ನು ಮಾಡಿದ್ದಾರೆ. ಕಾರ್ಖಾನೆಯಲ್ಲಿ ಪ್ರತಿ ಕಾರಿಗೂ ಅದರದೇ ಬಾನೆಟ್ಟನ್ನು ಕೈಯಿಂದ ಹೊಂದಿಸಿ, ಸಂದುಗಳಿಗೆ ಸೀಸ ಕರಗಿಸಿ ತುಂಬಿ, ಅರದಿಂದ ಉಜ್ಜಿ ನಯ ಮಾಡುತ್ತಿದ್ದರು. ಹಾಗಾಗಿ ಒಂದು ಕಾರಿನ ಬಾನೆಟ್ ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ. ಅನುಭವಿಗಳು ಬಣ್ಣ ಹೊಡೆಯುವ ಮೊದಲು ಬಾಗಿಲು, ಬಾನೆಟ್, ಸಸ್ಪೆನ್ಷನ್ ಎಲ್ಲವನ್ನೂ ಒಮ್ಮೆ ಜೋಡಿಸಿ, ಕಾರನ್ನು ಅದರ ಚಕ್ರಗಳ ಮೇಲೆ ನಿಲ್ಲಿಸಿ ಸಂದುಗಳನ್ನು ಅಳೆದು, ಮತ್ತೆ ಎಲ್ಲವನ್ನೂ ಬಿಚ್ಚುತ್ತಾರೆ. ಈ ಒಂದು ಹಂತ ಬಿಟ್ಟವರು ಹೊಸ ಪೇಂಟನ್ನು ಕೆರೆದು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಎಂಜಿನ್ ಮಾತ್ರ ಉದಾರಿ. ಯುದ್ಧಕಾಲದಲ್ಲಿ ಕಾರ್ಖಾನೆಯ ಮಾಡಿನ ಮೇಲೆ ಬಾಂಬ್ ದಾಳಿಯ ಬೆಂಕಿಗೆ ಕಾವಲು ಕಾಯುತ್ತ ಕಂಪನಿಯ ಒಡೆಯ ವಿಲಿಯಂ ಲಯನ್ಸ್, ಎಂಜಿನಿಯರುಗಳಾದ ವಿಲಿಯಂ ಹೇನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೇಯ್ಲಿ ಚರ್ಚಿಸಿದ ಎಂಜಿನ್ ಇದು (ಈ ಹೇನ್ಸ್ ಕೈಪಿಡಿಯ ಹೇನ್ಸ್ ಅಲ್ಲ, ಜಾಗ್ವಾರ್‌ನ ಮುಖ್ಯ ಎಂಜಿನಿಯರ್). 1948ರಲ್ಲಿ ಬೆಳಕಿಗೆ ಬಂದ ಎಕ್ಸ್‌ಕೆ 1990ರ ದಶಕದ ಆರಂಭದವರೆಗೂ ಬೇರೆ ಬೇರೆ ಕಾರುಗಳಲ್ಲಿ ತಯಾರಾಯಿತು. ಹೀಗಾಗಿ ಬಿಡಿಭಾಗಗಳಿಗೆ ಬರ ಬರಲಿಲ್ಲ. ಆದರೆ ಎರಕದ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಕೂತಿರುವುದರಿಂದ, ಕೂಲಂಟ್ ಬದಲಿಸದೆ ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಉದ್ದನೆಯ ಸ್ಟಡ್‌ಗಳು ಕಚ್ಚಿಕೊಂಡು ಹೆಡ್ ಮೇಲೇಳುವುದೇ ಇಲ್ಲ. ವಾಲ್ವ್ ಅಂತರ ಸರಿಪಡಿಸಲು ಸಣ್ಣ ಶಿಮ್ ಬಿಲ್ಲೆಗಳನ್ನು ಬದಲಿಸಬೇಕು, ಅದಕ್ಕೆ ಕ್ಯಾಮ್‌ಶಾಫ್ಟನ್ನೇ ಬಿಚ್ಚಬೇಕು. ಕೊನೆಗೆ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬುರೇಟರ್ ಬಾಯಿಗೆ ಹಿಡಿದು, ಮೂರರ ಉಸಿರಾಟವೂ ಒಂದೇ ಸಮ ಕೇಳುವವರೆಗೆ ತಿರುಪು ಹೊಂದಿಸುತ್ತ ಕೂರಬೇಕು.

ಒಬ್ಬೊಬ್ಬರೇ ಗ್ಯಾರೇಜಿನಲ್ಲಿ ದುಡಿಯುತ್ತಿದ್ದರೂ ಅವರ ಸುತ್ತ ಒಂದು ಲೋಕವೇ ಬೆಳೆಯಿತು. ಹ್ಯಾಂಪ್‌ಶೈರಿನ ಬ್ಯೂಲಿಯಲ್ಲಿ ಲಾರ್ಡ್ ಮಾಂಟಗು 1967ರಲ್ಲಿ ಆರಂಭಿಸಿದ ಹಳೆಯ ಬಿಡಿಭಾಗಗಳ ಸಂತೆ ವರ್ಷ ವರ್ಷ ದೊಡ್ಡದಾಯಿತು. ಮನೆಯಲ್ಲೇ ಕಾರು ಕಟ್ಟುವವರಿಗಾಗಿ 1980ರಲ್ಲಿ ‘ಪ್ರಾಕ್ಟಿಕಲ್ ಕ್ಲಾಸಿಕ್ಸ್’ ಪತ್ರಿಕೆ ಹುಟ್ಟಿತು. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಎಂಜಿಬಿ ಕಾರಿನ ಹಳೆಯ ಅಚ್ಚುಗಳನ್ನೇ ಬಳಸಿ ಹೊಸ ಬಾಡಿ ಮಾಡಿ ಮಾರಲು ತೊಡಗಿತು. ಉತ್ಪಾದನೆ ನಿಂತು ಎಂಟು ವರ್ಷವಾಗಿದ್ದ ಕಾರಿಗೆ ಹೊಸ ಬಾಡಿ! ಇ-ಟೈಪ್‌ನ ಸಿಲ್, ನೆಲ, ಬಾನೆಟ್ ತಗಡುಗಳನ್ನೂ ಪರಿಣತರು ಹೊಸದಾಗಿ ಮಾಡತೊಡಗಿದರು. ಅಮೆರಿಕಕ್ಕೆ ಮಾರಾಟವಾಗಿದ್ದ ಕಾರುಗಳು ಕ್ಯಾಲಿಫೋರ್ನಿಯಾದಂಥ ಒಣ ಹವೆಯ ಸೀಮೆಯಿಂದ ತುಕ್ಕಿಲ್ಲದೆ ಊರಿಗೆ ಮರಳಿದವು. ಎಡಗಡೆಯ ಸ್ಟಿಯರಿಂಗನ್ನು ಬಲಕ್ಕೆ ಕೂರಿಸುವುದೇ ಒಂದು ಕಸುಬಾಯಿತು.

1980ರ ದಶಕದ ಕೊನೆಗೆ ಬೆಲೆ ಗಗನಕ್ಕೇರಿ, ಮುಂದಿನ ದಶಕದ ಆರಂಭದಲ್ಲಿ ಧೊಪ್ಪನೆ ಬಿತ್ತು, ಮತ್ತೆ ಏರಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1996ರಲ್ಲಿ ಒಂದು ಇ-ಟೈಪ್ ಅನ್ನು ತನ್ನ ಶಾಶ್ವತ ಸಂಗ್ರಹಕ್ಕೆ ಸೇರಿಸಿಕೊಂಡಿತು. 2008ರಲ್ಲಿ ಟಾಟಾ ಮೋಟಾರ್ಸ್ ಜಾಗ್ವಾರನ್ನು ಕೊಂಡಿತು. ಇದಾದ ಮೇಲೆ ಕಂಪನಿ ತನ್ನ ಹಳೆಯ ಕಾರುಗಳತ್ತ ತಾನೇ ತಿರುಗಿ ನೋಡಿತು. 1960ರ ದಶಕದಲ್ಲಿ 18 ಹಗುರ ಅಲ್ಯೂಮಿನಿಯಂ ಇ-ಟೈಪ್‌ಗಳಿಗೆ ಸಂಖ್ಯೆ ಮೀಸಲಿಟ್ಟು 12 ಮಾತ್ರ ಕಟ್ಟಿದ್ದರು. ಬಾಕಿ ಆರನ್ನು 2014ರಿಂದ ಕಟ್ಟಲಾಯಿತು. 2017ರಲ್ಲಿ ಹಳೆಯ ಇ-ಟೈಪ್‌ಗಳನ್ನು ಕಂಪನಿಯೇ ಪುನರುಜ್ಜೀವನಗೊಳಿಸಿ ಮಾರುವ ಯೋಜನೆ ಬಂತು. ಇದೆಲ್ಲ ಒಳ್ಳೆಯದೇ. ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಯಾರೂ ಕೇಳದಿದ್ದ ಕಾಲದಲ್ಲಿ ಈ ಕಾರನ್ನು ಕಾಪಾಡಿದ ಸಾಮಾನ್ಯ ಸಂಬಳದ ಮನುಷ್ಯ ಇಂದಿನ ಬೆಲೆಗೆ ಇದನ್ನು ಕೊಳ್ಳಲಾರ. ದುಡ್ಡು ಬಂದಂತೆ ಅತಿಯಾದ ಹೊಳಪೂ ಬಂತು. ಕಾರ್ಖಾನೆಯಿಂದ ಹೊರಟಾಗಲೂ ಇರದಿದ್ದ ಮಿರುಗು ಹೊದಿಸಿ, ಹಳೆಯ ಚರ್ಮದ ಸೀಟು ಕಿತ್ತೆಸೆದು, ಆರು ದಶಕಗಳ ಗುರುತುಗಳನ್ನು ಅಳಿಸುವುದು ಜೀರ್ಣೋದ್ಧಾರವಲ್ಲ. ಉಳಿಸಬಹುದಾದದ್ದನ್ನು ಉಳಿಸಿ, ಉಳಿಯದ್ದನ್ನು ಮಾತ್ರ ಬದಲಿಸಿದ ಕೆಲಸವೇ ದೊಡ್ಡದು.

ಇ-ಟೈಪ್ ಹುಟ್ಟಿದ ಕೊವೆಂಟ್ರಿಯಲ್ಲೇ ಟ್ರಯಂಫ್ ಹೆರಾಲ್ಡ್ ಕೂಡ ತಯಾರಾಗುತ್ತಿತ್ತು. ಅದನ್ನೇ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ನಮ್ಮಲ್ಲಿ ಮಾರಿತು. ಇ-ಟೈಪ್‌ನಂತೆಯೇ ಅದರ ಬಾನೆಟ್ಟೂ ಇಡಿಯಾಗಿ ಮುಂದಕ್ಕೆ ಬಾಗಿ ತೆರೆಯುತ್ತದೆ. ಅದಕ್ಕೆ ಬೇರೆ ಷಾಸಿ ಇರುವುದರಿಂದ ಮನೆಯಲ್ಲಿ ಬಿಚ್ಚಿ ಜೋಡಿಸುವುದು ಇ-ಟೈಪ್‌ಗಿಂತ ಎಷ್ಟೋ ಸುಲಭ. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಷಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಮಾರ್ಪಾಡಾಗಿದ್ದರೆ ಈ ನೋಂದಣಿ ಸಿಗದು. ತಾತನ ಕಾಲದ ಹೆರಾಲ್ಡ್ ಅಥವಾ ಫಿಯೆಟ್ ಮನೆಯ ಹಿತ್ತಲಲ್ಲಿ ನಿಂತಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ಅದರ ಆರ್‌ಸಿ ಪುಸ್ತಕ ಹುಡುಕಿ, ಎಂಜಿನ್ ಮತ್ತು ಷಾಸಿ ನಂಬರುಗಳನ್ನು ತಾಳೆ ನೋಡಿ. ಬಿಚ್ಚಲು ಶುರು ಮಾಡುವುದಾದರೆ ಪ್ರತಿ ನಟ್ಟು ಬೋಲ್ಟನ್ನೂ ಚೀಟಿ ಅಂಟಿಸಿದ ಪೊಟ್ಟಣದಲ್ಲಿಡಿ, ಪ್ರತಿ ಹಂತದ ಫೋಟೋ ತೆಗೆದಿಡಿ.