ಶೆಟ್‌ಲ್ಯಾಂಡಿನ ಒಂದು ಸಂವತ್ಸರ

ಸ್ಕಾಟ್ಲೆಂಡಿನ ಉತ್ತರದ ಕಡಲಲ್ಲಿ, ಮರವೆಂಬುದೇ ಅಪರೂಪವಾದ ಶೆಟ್‌ಲ್ಯಾಂಡ್ ದ್ವೀಪಗಳಿವೆ. ಕ್ರಾಫ್ಟ್ ಎಂದರೆ ಅಲ್ಲಿ ತುಂಡು ಹೊಲ, ಒಂದೆರಡು ಹಸು, ಗುಡ್ಡದ ಮೇಲೆ ಕುರಿ. ಅದನ್ನೇ ನಂಬಿದವನು ಕ್ರಾಫ್ಟರ್. ನೆಲ ಸಾಲದಾದಾಗ ಅವನು ಕಡಲಿಗಿಳಿಯುತ್ತಿದ್ದ. ಕ್ರಾಫ್ಟರ್‌ಗೆ ನೆಲದ ಭದ್ರತೆ ಕೊಟ್ಟ 1886ರ ಕಾಯ್ದೆ ಬರುವ ತನಕ ಧಣಿಗಳು ಮನಸ್ಸು ಮಾಡಿದರೆ ಅವನನ್ನು ಒಕ್ಕಲೆಬ್ಬಿಸಬಹುದಿತ್ತು. ಕಾಯ್ದೆ ಬಂದ ಮೇಲೂ ಗುಳೆ ನಿಲ್ಲಲಿಲ್ಲ. 1861ರಲ್ಲಿ 31,000 ದಾಟಿದ್ದ ಜನಸಂಖ್ಯೆ 1931ರ ಹೊತ್ತಿಗೆ 21,000ದ ಆಸುಪಾಸಿಗೆ ಇಳಿದಿತ್ತು.

ಅದೇ 1931ರಲ್ಲಿ ಗ್ಲಾಸ್ಗೋದ ಜೆನ್ನಿ ಬ್ರೌನ್ ಎಂಬ ತರುಣಿ 16 ಎಂ.ಎಂ. ಕ್ಯಾಮೆರಾ ಹಿಡಿದು ಒಬ್ಬರೇ ಅಲ್ಲಿ ಚಿತ್ರೀಕರಣಕ್ಕೆ ತೊಡಗಿದರು. ನಾಲ್ಕು ದಿನ ನೋಡಿ ಮರಳುವ ಅತಿಥಿ ಅವರಾಗಲಿಲ್ಲ; ಋತುಗಳು ಒಂದು ಸುತ್ತು ತಿರುಗುವವರೆಗೂ ಆ ಬದುಕಿನ ಬೆನ್ನು ಬಿಡಲಿಲ್ಲ. ಹೀಗೆ ಹುಟ್ಟಿತು ‘ಎ ಕ್ರಾಫ್ಟರ್ಸ್ ಲೈಫ್ ಇನ್ ಶೆಟ್‌ಲ್ಯಾಂಡ್’ ಎಂಬ ಮೂಕಿ ಚಿತ್ರ.

ಸೌದೆಯಿಲ್ಲದ ಆ ಸೀಮೆಯಲ್ಲಿ ಒಲೆ ಉರಿಯುತ್ತಿದ್ದುದು ಪೀಟ್‌ನಿಂದ, ಅಂದರೆ ಸಾವಿರಾರು ವರ್ಷಗಳ ಸಸ್ಯ ಕೊಳೆತು ಗಟ್ಟಿಯಾದ ಜೌಗುಮಣ್ಣಿನಿಂದ. ವಸಂತದಲ್ಲಿ ಅದನ್ನು ‘ಟುಷ್ಕರ್’ ಎಂಬ ಉದ್ದ ಹಿಡಿಯ ಸಲಿಕೆಯಿಂದ ಕೊಯ್ದು, ಹೆಂಟೆಗಳನ್ನು ಗಾಳಿಗೆ ಒಣಗಿಸುತ್ತಿದ್ದರು. ಅದನ್ನು ಮನೆಗೆ ಹೊತ್ತು ತರುವ ಹೆಂಗಸನ್ನು ನೋಡಬೇಕು: ಬೆನ್ನ ಮೇಲೆ ಹುಲ್ಲಿನಲ್ಲಿ ಹೆಣೆದ ‘ಕಿಶಿ’ ಬುಟ್ಟಿ, ಸೊಂಟದಲ್ಲಿ ತೂತುಗಳಿರುವ ಚರ್ಮದ ಪಟ್ಟಿ, ಆ ತೂತಿಗೆ ಸಿಕ್ಕಿಸಿದ ಹೆಣಿಗೆ ಕಡ್ಡಿ. ಹೆಜ್ಜೆ ಹಾಕುತ್ತಲೇ ಅವಳು ಉಣ್ಣೆ ಹೆಣೆಯುತ್ತಾಳೆ. ಆ ಉಣ್ಣೆಯೂ ಕತ್ತರಿ ಕಂಡದ್ದಲ್ಲ. ಬೇಸಿಗೆಯಲ್ಲಿ ಕುರಿಯ ಮೈಯಿಂದ ಕೈಯಲ್ಲೇ ಬಿಡಿಸಿದ್ದು. ಅವಳ ಕೈಗೆ ಬಿಡುವೆಂಬುದೇ ಇರಲಿಲ್ಲ. ಅರಸರ ಯುದ್ಧಗಳಷ್ಟೇ ದಾಖಲೆಗೆ ಅರ್ಹವೆಂದುಕೊಂಡಿದ್ದ ಇತಿಹಾಸಕ್ಕೆ ಈ ಕೈಗಳು ಎಲ್ಲಿ ಕಾಣಬೇಕು?

ಜೆನ್ನಿಯ ಚಿತ್ರದಲ್ಲಿ ಅವನ್ನು ಕಂಡವರು ಜಾನ್ ಗ್ರಿಯರ್ಸನ್. 1929ರಲ್ಲಿ ಹೆರಿಂಗ್ ಮೀನುಗಾರರ ‘ಡ್ರಿಫ್ಟರ್ಸ್’ ಚಿತ್ರ ಕೊಟ್ಟಿದ್ದ ಆ ಸಾಕ್ಷ್ಯಚಿತ್ರದ ಹಿರಿಯ ಜೆನ್ನಿಯ ಬೆನ್ನು ತಟ್ಟಿದರು, ಮುಂದೆ ಅವರ ಕೆಲವು ಚಿತ್ರಗಳನ್ನು ಬ್ರಿಟನ್ನಿನ ಅಂಚೆ ಇಲಾಖೆಯ ಚಿತ್ರಭಂಡಾರಕ್ಕೆ ಕೊಂಡರು.

ಜೆನ್ನಿ ಅನಂತರ ತೆಗೆದ ‘ದಿ ರಗ್ಗೆಡ್ ಐಲೆಂಡ್’ ಕಥೆಯ ರೂಪ ತಾಳಿತು. ಎಳೆಯ ಜೋಡಿಯೊಂದರ ಮುಂದೆ ದ್ವೀಪದ ಹಳೆಯ ಪ್ರಶ್ನೆಯೇ ಎದ್ದು ನಿಲ್ಲುತ್ತದೆ: ಆಸ್ಟ್ರೇಲಿಯಾಕ್ಕೆ ಹೋಗುವುದೋ, ಈ ಕಲ್ಲುನೆಲದಲ್ಲೇ ಉಳಿಯುವುದೋ? ನಾಯಕನ ಪಾತ್ರಕ್ಕೆ ನಿಂತವರು ಅಲ್ಲಿಯವರೇ ಆದ ಜಾನ್ ಗಿಲ್ಬರ್ಟ್‌ಸನ್. ಜೆನ್ನಿ ಅವರನ್ನೇ ಮದುವೆಯಾಗಿ ಶೆಟ್‌ಲ್ಯಾಂಡಿನ ಸೊಸೆಯಾದರು. ಸಂಸಾರ, ಯುದ್ಧ, ಶಾಲೆಯ ಪಾಠಗಳ ನಡುವೆ ವರ್ಷಗಳು ಉರುಳಿದವು.

ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಅವರು ಮತ್ತೆ ಕ್ಯಾಮೆರಾ ಹೊತ್ತು ಹೊರಟರು, ಈ ಬಾರಿ ಕೆನಡಾದ ಹಿಮಸೀಮೆಗೆ. ಅಲ್ಲಿಯ ಇನ್ಯೂಟ್ ಜನರ ನಡುವೆಯೂ ಉಳಿದು, ಅವರ ದಿನಗಳನ್ನು ಅದೇ ತಾಳ್ಮೆಯಿಂದ ಚಿತ್ರಿಸಿದರು.