ಮೆರೆಡಿತ್ ಮಾಂಕ್

ಮೆರೆಡಿತ್ ಮಾಂಕ್ (ಜನನ: ನವೆಂಬರ್ 20, 1942) ಅಮೆರಿಕದ ಗಾಯಕಿ, ಸಂಗೀತ ಸಂಯೋಜಕಿ, ರಂಗನಿರ್ದೇಶಕಿ, ನೃತ್ಯಸಂಯೋಜಕಿ ಹಾಗೂ ಚಲನಚಿತ್ರ ನಿರ್ದೇಶಕಿ. ಮಾನವ ಕಂಠವನ್ನು ಪದಗಳನ್ನು ಹಾಡುವ ಸಾಧನವಾಗಿ ಮಾತ್ರವಲ್ಲದೆ, ಸ್ವತಂತ್ರವಾದ ವಾದ್ಯವಾಗಿ ಬಳಸಿದ ಪ್ರಮುಖ ಕಲಾವಿದರಲ್ಲಿ ಇವರು ಒಬ್ಬರು. ಹಾಡು, ಚಲನೆ, ದೃಶ್ಯ ಮತ್ತು ಬೆಳಕನ್ನು ಒಂದೇ ಕೃತಿಯಲ್ಲಿ ಬೆಸೆಯುವುದು ಇವರ ರಂಗಕೃತಿಗಳ ಮುಖ್ಯ ಲಕ್ಷಣವಾಗಿದೆ.

ಆರಂಭಿಕ ಜೀವನ

ಮಾಂಕ್ ಅವರದು ಸಂಗೀತಗಾರರ ಮನೆತನ. ತಾಯಿ ಆಡ್ರೆ ಮಾರ್ಷ್ ಆಕಾಶವಾಣಿ ಮತ್ತು ಜಾಹೀರಾತುಗಳಿಗೆ ಹಾಡುತ್ತಿದ್ದ ವೃತ್ತಿಪರ ಗಾಯಕಿ. ರಷ್ಯಾ ಮೂಲದ ತಾತ ಜೋಸೆಫ್ ಜೆಲ್‌ಮನ್ ಕೂಡ ಗಾಯಕರಾಗಿದ್ದರು. ಬಾಲ್ಯದಲ್ಲಿ ಮೆಳ್ಳಗಣ್ಣಿನ ತೊಂದರೆಯಿಂದ ದೃಷ್ಟಿ ಮತ್ತು ದೇಹದ ಹೊಂದಾಣಿಕೆ ಕಷ್ಟವಾದಾಗ, ಅವರಿಗೆ ಡಾಲ್‌ಕ್ರೋಜ್ ಪದ್ಧತಿಯ ಶಿಕ್ಷಣ ಕೊಡಿಸಲಾಯಿತು. ಲಯವನ್ನು ದೇಹದ ಚಲನೆಯ ಮೂಲಕವೇ ಕಲಿಸುವ ಪದ್ಧತಿ ಇದು. ಸಂಗೀತ ಮತ್ತು ಚಲನೆ ಬೇರೆಬೇರೆಯಲ್ಲ ಎಂಬ ಅವರ ಮುಂದಿನ ನಿಲುವಿಗೆ ಈ ಕಲಿಕೆಯೇ ತಳಹದಿಯಾಯಿತು. 1964ರಲ್ಲಿ ಸಾರಾ ಲಾರೆನ್ಸ್ ಕಾಲೇಜಿನಿಂದ ಪದವಿ ಪಡೆದು, ನ್ಯೂಯಾರ್ಕ್ ನಗರದಲ್ಲಿ ಪ್ರದರ್ಶನಗಳನ್ನು ಆರಂಭಿಸಿದರು.

ಕಂಠದ ಬಳಕೆ

1960ರ ದಶಕದ ಮಧ್ಯಭಾಗದಲ್ಲಿ ಮಾಂಕ್ ತಮ್ಮ ಕಂಠದ ಸಾಧ್ಯತೆಗಳನ್ನು ಕ್ರಮಬದ್ಧವಾಗಿ ಶೋಧಿಸತೊಡಗಿದರು. ಶರೀರಕ್ಕೆ ಇರುವ ಬಾಗುವ, ಜಿಗಿಯುವ, ತಿರುಗುವ ಶಕ್ತಿ ಧ್ವನಿಗೂ ಇದೆ ಎಂಬುದು ಅವರ ಗ್ರಹಿಕೆ. ಉಸಿರಿನ ಸದ್ದು, ಬಿಕ್ಕು, ಪಿಸುಮಾತು, ಗೊಗ್ಗರು ದನಿ, ಎತ್ತರ ಸ್ಥಾಯಿಯ ಕೂಗು, ನಾಲಿಗೆಯ ಟಕಟಕ ಸದ್ದು ಮೊದಲಾದವು ಅವರ ಹಾಡುಗಾರಿಕೆಯಲ್ಲಿ ಸ್ವರಗಳಷ್ಟೇ ಮಹತ್ವ ಪಡೆದವು. ಈ ಬಗೆಯ ಗಾಯನವನ್ನು 'ವಿಸ್ತೃತ ಕಂಠತಂತ್ರ' ಎಂದು ಕರೆಯುತ್ತಾರೆ. ಅವರ ಬಹುತೇಕ ಹಾಡುಗಳಲ್ಲಿ ಸಾಹಿತ್ಯವಿಲ್ಲ. ಅರ್ಥರಹಿತ ಅಕ್ಷರಗಳ ಪುನರಾವರ್ತನೆಯಲ್ಲಿಯೇ ಭಾವವು ರೂಪುಗೊಳ್ಳುತ್ತದೆ. 'ಅವರ್ ಲೇಡಿ ಆಫ್ ಲೇಟ್' (1973) ಒಂಟಿ ಕಂಠ ಮತ್ತು ನೀರು ತುಂಬಿದ ಗಾಜಿನ ಬಟ್ಟಲಿನ ನಾದಕ್ಕಾಗಿ ರಚಿತವಾದ ಕೃತಿಯಾಗಿದೆ.

ರಂಗಕೃತಿಗಳು

1968ರಲ್ಲಿ ಮಾಂಕ್ 'ದಿ ಹೌಸ್' ಎಂಬ ತಂಡವನ್ನು ಸ್ಥಾಪಿಸಿದರು. ಮರುವರ್ಷ ಪ್ರದರ್ಶಿತವಾದ 'ಜ್ಯೂಸ್' ಮೂರು ಬೇರೆಬೇರೆ ಸ್ಥಳಗಳಲ್ಲಿ, ಬೇರೆಬೇರೆ ದಿನಗಳಂದು ನಡೆದ ಕೃತಿ. ಮೊದಲ ಭಾಗದಲ್ಲಿ ಗುಗೆನ್‌ಹೈಮ್ ವಸ್ತುಸಂಗ್ರಹಾಲಯದ ಸುರುಳಿ ಇಳಿಜಾರಿನ ಮೇಲೆ 85 ಕಲಾವಿದರು ಪಾಲ್ಗೊಂಡಿದ್ದರು. ಎರಡನೆಯ ಭಾಗ ಒಂದು ರಂಗಮಂದಿರಕ್ಕೂ, ಕೊನೆಯ ಭಾಗ ಮಾಂಕ್ ಅವರ ವಾಸಸ್ಥಳಕ್ಕೂ ಸೀಮಿತಗೊಂಡಿತು.

'ಎಜುಕೇಶನ್ ಆಫ್ ದಿ ಗರ್ಲ್‌ಚೈಲ್ಡ್' ಕೃತಿಯ ಏಕವ್ಯಕ್ತಿ ಭಾಗದಲ್ಲಿ ಒಬ್ಬ ಮುದುಕಿ ಹಿಮ್ಮುಖವಾಗಿ ಸಾಗಿ ಯುವತಿಯಾಗುತ್ತಾಳೆ. ಈ ಬದಲಾವಣೆಯನ್ನು ಮಾಂಕ್ ಮೈಮಾಟ ಮತ್ತು ದನಿಯಿಂದ ಸಾಧಿಸಿದರು. 1976ರ 'ಕ್ವಾರಿ' ಎಂಬ ಒಪೆರಾ ಎರಡನೆಯ ಮಹಾಯುದ್ಧದ ಕಾಲವನ್ನು ಹಾಸಿಗೆ ಹಿಡಿದ ಬಾಲಕಿಯೊಬ್ಬಳ ಕಣ್ಣಿನಿಂದ ಕಾಣಿಸುತ್ತದೆ. ಆ ಬಾಲಕಿಯ ಪಾತ್ರವನ್ನು ಮಾಂಕ್ ಅವರೇ ನಿರ್ವಹಿಸಿದರು.

ಹೂಸ್ಟನ್ ಗ್ರ್ಯಾಂಡ್ ಒಪೆರಾದಲ್ಲಿ 1991ರಲ್ಲಿ ಮೊದಲು ಪ್ರದರ್ಶನಗೊಂಡ 'ಅಟ್ಲಾಸ್', ಟಿಬೆಟ್ ಪ್ರವಾಸಕ್ಕೆ ಹೆಸರಾದ ಅಲೆಕ್ಸಾಂಡ್ರಾ ಡೇವಿಡ್-ನೀಲ್ ಅವರ ಬದುಕಿನಿಂದ ಪ್ರೇರಣೆ ಪಡೆದಿದೆ. ಇದರಲ್ಲಿ ಮಾತುಗಳು ಅತ್ಯಲ್ಪ. ಕಥೆಯು ಬಹುಮಟ್ಟಿಗೆ ಪದರಹಿತ ಗಾಯನದಿಂದಲೇ ಮುಂದುವರಿಯುತ್ತದೆ. 2002ರಲ್ಲಿ ಸಂಗಾತಿ ಮೀಕೆ ವಾನ್ ಹೂಕ್ ಅವರ ನಿಧನದ ನಂತರ ರಚಿಸಿದ 'ಇಂಪರ್ಮನೆನ್ಸ್' ಕೃತಿಯು ಸಾವು ಮತ್ತು ಅನಿತ್ಯತೆಯನ್ನು ಕುರಿತದ್ದು. ಮಾಂಕ್ ಅವರು ಅನುಸರಿಸುವ ಬೌದ್ಧ ಸಾಧನೆಯ ಪ್ರಭಾವವನ್ನು ಇದರಲ್ಲಿ ಗುರುತಿಸಬಹುದು.

ಧ್ವನಿಮುದ್ರಣ ಮತ್ತು ಚಲನಚಿತ್ರ

ಮಾಂಕ್ 1978ರಲ್ಲಿ ಗಾಯನ ತಂಡವೊಂದನ್ನು ಕಟ್ಟಿದರು. ಆರು ಕಂಠಗಳಿಗಾಗಿ ರಚಿಸಿದ 'ಡಾಲ್ಮೆನ್ ಮ್ಯೂಸಿಕ್' 1981ರಲ್ಲಿ ಇಸಿಎಂ ಸಂಸ್ಥೆಯಿಂದ ಬಿಡುಗಡೆಯಾಗಿ ಅವರಿಗೆ ವ್ಯಾಪಕ ಮನ್ನಣೆ ತಂದಿತು. ಇದೇ ಧ್ವನಿಸುರುಳಿಯಲ್ಲಿರುವ 'ಗಾಥಮ್ ಲಲಬೈ' ಹಾಡನ್ನು ಐಸ್‌ಲೆಂಡಿನ ಗಾಯಕಿ ಬ್ಯೋರ್ಕ್ ಕೂಡ ಹಾಡಿದ್ದಾರೆ. ವಲಸಿಗರನ್ನು ಕುರಿತ 'ಎಲಿಸ್ ಐಲ್ಯಾಂಡ್' (1981) ಮತ್ತು ಮಧ್ಯಯುಗದ ಯಹೂದಿ ಬಾಲಕಿಯೊಬ್ಬಳಿಗೆ ಆಧುನಿಕ ಜಗತ್ತಿನ ದರ್ಶನವಾಗುವ 'ಬುಕ್ ಆಫ್ ಡೇಸ್' (1988) ಅವರ ಮುಖ್ಯ ಚಿತ್ರಗಳು.

ಕೃತಿಗಳ ಮುಂದುವರಿಕೆ

ಮಾಂಕ್ ತಮ್ಮ ರಚನೆಗಳನ್ನು ಹೆಚ್ಚಾಗಿ ತಾಲೀಮಿನಲ್ಲಿ, ಬಾಯಿಂದ ಬಾಯಿಗೆ ಕಲಿಸುತ್ತ ಬೆಳೆಸಿದವರು. ಗಾಯಕರ ದನಿಯ ಗುಣಕ್ಕೆ ತಕ್ಕಂತೆ ರೂಪುಗೊಂಡ ಈ ಸಂಗೀತವನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಪೂರ್ಣವಾಗಿ ಹಿಡಿದಿಡುವುದು ಕಷ್ಟ. ದನಿಯ ಬಣ್ಣ, ಉಸಿರಾಟ, ದೇಹದ ಭಂಗಿಗಳು ಲಿಪಿಗೆ ಸಿಗುವುದಿಲ್ಲ. ಆದ್ದರಿಂದ ಮೂಲ ಕಲಾವಿದರ ಕಾಲಾನಂತರ ಈ ಕೃತಿಗಳು ಉಳಿಯುವ ಬಗೆ ಹೇಗೆ ಎಂಬುದು ಅವರ ವೃತ್ತಿಜೀವನದ ಗಂಭೀರ ಪ್ರಶ್ನೆಯಾಗಿದೆ. ಅವರ ಕೃತಿಗಳನ್ನು ಬೂಸಿ ಅಂಡ್ ಹಾಕ್ಸ್ ಪ್ರಕಾಶನ ಸಂಸ್ಥೆ ಮುದ್ರಿತ ರೂಪದಲ್ಲಿ ಹೊರತರತೊಡಗಿದ್ದರಿಂದ ಇತರ ಗಾಯಕವೃಂದಗಳಿಗೂ ಅವು ದೊರೆಯುವಂತಾದವು. 2019ರಲ್ಲಿ ಲಾಸ್ ಏಂಜಲೀಸ್ ಫಿಲ್‌ಹಾರ್ಮೊನಿಕ್ 'ಅಟ್ಲಾಸ್' ಅನ್ನು ಯುವಲ್ ಶರೋನ್ ಅವರ ನಿರ್ದೇಶನದಲ್ಲಿ ಹೊಸದಾಗಿ ರಂಗಕ್ಕೆ ತಂದಿತು. ಕೃತಿಯೊಂದು ಅದರ ಕರ್ತೃವಿನ ನಿರ್ದೇಶನವಿಲ್ಲದೆಯೂ ನಿಲ್ಲಬಲ್ಲದೇ ಎಂಬುದಕ್ಕೆ ಇದು ಮಹತ್ವದ ಪರೀಕ್ಷೆಯಾಗಿತ್ತು.

ಪ್ರಶಸ್ತಿ ಮತ್ತು ಗೌರವ

1995ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು. 2015ರಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಅವರು ರಾಷ್ಟ್ರೀಯ ಕಲಾ ಪದಕವನ್ನು ಪ್ರದಾನ ಮಾಡಿದರು. 2025ರಲ್ಲಿ ವೆನಿಸ್ ಬಿಯೆನಾಲೆಯ ಸಂಗೀತ ವಿಭಾಗವು ಜೀವಮಾನದ ಸಾಧನೆಗಾಗಿ ಸ್ವರ್ಣಸಿಂಹ ಪ್ರಶಸ್ತಿ ನೀಡಿ ಗೌರವಿಸಿತು.