ಅವ್ವನ ಕೌದಿ

ನಿಂಬರ್ಗಾದ ನಮ್ಮ ಮಣ್ಣಿನ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದೆವು. ಕೆಳಗೆ ಶಹಾಬಾದಿ ಕಲ್ಲು, ಮೇಲೆ ಆರ್.ಸಿ.ಸಿ. ತೀರಿಹೋದ ಅವ್ವನ ಬೀಸುಕಲ್ಲಿನ ಪದಗಳ ಕ್ಯಾಸೆಟ್ ಹಚ್ಚಿದರೆ ಒಂದು ಮಾತೂ ತಿಳಿಯದು. ಮಗ ಹೊಸ ಸ್ಟೀರಿಯೋ ತಂದ. ಹಣ ಹೋಯಿತು, ಗದ್ದಲ ಉಳಿಯಿತು.

ಶಾಲೆಯ ಮಕ್ಕಳೊಡನೆ ವಿಜಯಪುರಕ್ಕೆ ಹೋದಾಗ ಕಾರಣ ಹೊಳೆಯಿತು. ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಮರಳುತ್ತದೆ. ಗಟ್ಟಿ ಗೋಡೆ ಸದ್ದನ್ನು ನುಂಗುವುದಿಲ್ಲ.

ಇದನ್ನು ಅಳೆದು ತೋರಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಉಪನ್ಯಾಸದ ಕೋಣೆಯೊಂದರಲ್ಲಿ ಮಾತು ಕಲಸಿಹೋಗುತ್ತಿತ್ತು. ಅವರು ರಂಗಮಂದಿರದ ಆಸನಗಳ ಮೆತ್ತೆಗಳನ್ನು ತರಿಸಿ ಹಾಸಿ, ಸದ್ದು ಅಡಗುವ ಹೊತ್ತನ್ನು ಅಳೆದರು. ಮೆತ್ತೆ ಹೆಚ್ಚಿದಷ್ಟೂ ಸದ್ದು ಬೇಗ ಅಡಗಿತು. ನಮ್ಮ ಹಳೆಯ ಮನೆಯಲ್ಲಿ ಮಣ್ಣಿನ ಗೋಡೆ, ಜೋಳದ ಚೀಲ, ಹಾಸಿಗೆಯ ಸುರುಳಿಗಳು ಈ ಕೆಲಸವನ್ನೇ ಮಾಡುತ್ತಿದ್ದವು!

ಇಂದು ಮೈಕಿಟ್ಟು ಕೋಣೆಯನ್ನು ಅಳೆದು ಸ್ವರ ತಿದ್ದುವ ಯಂತ್ರಗಳಿವೆ. ಆದರೂ ಮರಳಿ ಬರುವ ಸದ್ದನ್ನು ಹೀರಲು ಮೆತ್ತನೆಯದೇ ಬೇಕು.

ಅವ್ವ ಹೊಲಿದ ದಪ್ಪ ಕೌದಿಗಳನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿದೆ. ನೆಲಕ್ಕೆ ಜಮಖಾನೆ ಹಾಸಿದೆ. ಕ್ಯಾಸೆಟ್ ಹಚ್ಚಿದೆ. ಪದದ ನಡುವೆ ಅವ್ವ ನನ್ನನ್ನು ಕರೆದದ್ದು ಮತ್ತೆ ಸ್ಪಷ್ಟವಾಗಿ ಕೇಳಿಸಿತು.